ಪದೇ ಪದೇ ಒಂದಕ್ಕೆ ಅವಸರವೇ? ನೀರು ಬಿಡಬೇಡಿ, ಚಿಕಿತ್ಸೆ ಇದೆ

ಕೂಡ್ಲಿಗಿ: ಈಗಷ್ಟೇ ಒಂದಕ್ಕೆ ಹೋಗಿ ಬಂದಿರ್ತಾರೆ, ಮತ್ತೆ ತಡೆಯಲಾಗದ ಅವಸರ. ಗಿರಾಕಿ ಎದುರಿಗೆ ನಿಂತಿದ್ದರೂ ಗಲ್ಲಾ ಬಿಟ್ಟು ಓಡಬೇಕು. ವೈದ್ಯರು ಇದನ್ನು ಓವರ್ ಆಕ್ಟಿವ್ ಬ್ಲ್ಯಾಡರ್ ಅಂತಾರೆ. ಮೂತ್ರಚೀಲ ತುಂಬುವ ಮೊದಲೇ ಅದರ ಸ್ನಾಯು ಹಿಂಡಿಕೊಳ್ಳುತ್ತದೆ. ‘ವಯಸ್ಸಾಯ್ತು ಬಿಡು’ ಅಂತ ಸುಮ್ಮನಿರುವ ವಿಷಯ ಅಲ್ಲ.

ನಮ್ಮ ಐದೂ ತಾಲ್ಲೂಕಿನಲ್ಲಿ ಜನ ಕಂಡುಕೊಂಡ ಉಪಾಯ ಒಂದೇ: ನೀರು ಕುಡಿಯೋದನ್ನೇ ಬಿಡೋದು. ಹಡಗಲಿ, ಹರಪನಹಳ್ಳಿ ಬಸ್ಸು ಹತ್ತುವ, ಸಂತೆಯಲ್ಲಿ ಕೂರುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಆದರೆ ನೀರು ಕಮ್ಮಿಯಾದರೆ ಮೂತ್ರ ಗಾಢವಾಗಿ ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ. ನಮ್ಮ ಬಿಸಿಲಿಗೆ ಸೋಂಕು, ಕಿಡ್ನಿ ಕಲ್ಲಿಗೂ ಅದೇ ದಾರಿ.

ಹಾಗಾದ್ರೆ ಏನು ಮಾಡಬೇಕು? ಮೊದಲು ಮೂತ್ರ ಮತ್ತು ಶುಗರ್ ಪರೀಕ್ಷೆ. ಸೋಂಕು, ಸಕ್ಕರೆ ಕಾಯಿಲೆ, ಗಂಡಸರಲ್ಲಿ ಪ್ರಾಸ್ಟೇಟ್ ಊತ ಇದ್ದರೂ ಇದೇ ಲಕ್ಷಣ ಕಾಣುತ್ತದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ವಿಭಾಗದಲ್ಲಿ ಶುಗರ್, ಬಿಪಿ ತಪಾಸಣೆ ಪುಕ್ಕಟೆ.

ಬೇರೆ ಕಾಯಿಲೆ ಇಲ್ಲ ಅಂತಾದರೆ ಚಿಕಿತ್ಸೆ ಶುರುವಾಗೋದು ಮನೆಯಲ್ಲೇ. ಚಹಾ, ಕಾಫಿ ಕಮ್ಮಿ ಮಾಡಿ. ಅವಸರ ಬಂದ ಕೂಡಲೇ ಓಡದೆ ಕೂತು, ಗ್ಯಾಸ್ ತಡೆಯುವ ಹಾಗೆ ಕೆಳಗಿನ ಸ್ನಾಯು ಬಿಗಿಹಿಡಿಯಿರಿ. ಗಂಟೆಗೊಮ್ಮೆ ಹೋಗುವವರು ವಾರಕ್ಕೆ 15 ನಿಮಿಷದಂತೆ ಅಂತರ ಹೆಚ್ಚಿಸುತ್ತಾ 3 ಗಂಟೆಗೆ ತಲುಪಬೇಕು. ಅದೇ ಸ್ನಾಯುವಿನ ವ್ಯಾಯಾಮ 5 ಸೆಕೆಂಡ್‌ನಂತೆ 10 ಬಾರಿ, ದಿನಕ್ಕೆ 3 ಸಲ. ಗಲ್ಲಾದ ಮುಂದೆ ಕೂತೇ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ಫಲ ಕಾಣಲು 6ರಿಂದ 12 ವಾರ ಬೇಕು.

ಇದಕ್ಕೂ ಬಗ್ಗದಿದ್ದರೆ ಮಾತ್ರೆ ಇವೆ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಗೋಬೇಡಿ. ಸಾಲಿಫೆನಾಸಿನ್, ಆಕ್ಸಿಬ್ಯುಟಿನಿನ್ ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ. ವಯಸ್ಸಾದವರಿಗೆ ಮರೆವು, ಗೊಂದಲ ಆಗಬಹುದು. ಮಿರಾಬೆಗ್ರಾನ್ ಬಿಪಿ ಏರಿಸಬಹುದು. ಮೂತ್ರದಲ್ಲಿ ರಕ್ತ, ಜ್ವರ, ಮೂತ್ರ ಕಟ್ಟುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಆದರೆ ವೈದ್ಯರು ‘ನೀರು ಕುಡಿಯಿರಿ’ ಅಂದರೆ ಸಾಲದು, ಹೋಗೋಕೆ ಜಾಗ ಬೇಕಲ್ಲ? ಕೊಟ್ಟೂರೇಶ್ವರ ರಥೋತ್ಸವ, ಮೈಲಾರ ಕಾರಣಿಕಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಜಾತ್ರೆ ಇರಲಿ, ಸಂತೆ ಇರಲಿ, ಶೌಚಾಲಯಕ್ಕೆ ನೀರು, ದೀಪ, ಒಳಗಿನಿಂದ ಚಿಲಕ ಇರುವಂತೆ ನೋಡಿಕೊಳ್ಳೋದು ಪುರಸಭೆ, ಪಟ್ಟಣ ಪಂಚಾಯಿತಿ ಕೆಲಸ. ಬೀಗ ಹಾಕಿದ ಶೌಚಾಲಯ ಲೆಕ್ಕಕ್ಕಿದೆ, ಉಪಯೋಗಕ್ಕಿಲ್ಲ. ವರ್ತಕರ ಸಂಘಗಳು ಮೊದಲು ಕೇಳಬೇಕಾದ್ದು ಆ ಬೀಗದ ಕೀಲಿ.