ಮಾತಿನ ಮಾರಾಟ

ಹಲಸಿನ ಹಪ್ಪಳ ಒತ್ತುವುದು ನಮ್ಮ ಗಡಿನಾಡಿನ ಮನೆಗಳಲ್ಲಿ ಎಂದೂ ಸುದ್ದಿಯ ವಿಷಯವಾಗಿರಲಿಲ್ಲ. ಈಗ ಅದನ್ನು ಬೆಂಗಳೂರಿನಲ್ಲಿಯೂ ದುಬಾಯಿಯಲ್ಲಿಯೂ ಇರುವವರು ಕಾದು ನೋಡುತ್ತಾರೆ. ಕಾಸರಗೋಡಿನ ಕಡೆಯ ನಮ್ಮ ಪರಿಚಿತರ ಮಗಳೊಬ್ಬಳು ಅಜ್ಜಿಯ ಅಡುಗೆಯನ್ನು ಅಚ್ಚ ಕನ್ನಡದಲ್ಲಿ ವಿವರಿಸುತ್ತ ಇನ್‌ಸ್ಟಾಗ್ರಾಂನಲ್ಲಿ ವಿಡಿಯೋ ಹಾಕತೊಡಗಿದಳು. ನೋಡುಗರು ಸಾವಿರಗಟ್ಟಲೆ ಕೂಡಿದರು. ಅವರ ಹಿಂದೆಯೇ ಕಂಪನಿಗಳೂ ಬಂದವು. ಇಂಥವರಿಗೆ ಇನ್‌ಫ್ಲುಯೆನ್ಸರ್ ಎಂದು ಹೆಸರು. ನಾಲ್ವರ ಮನಸ್ಸನ್ನು ಒಲಿಸಬಲ್ಲವರು ಎಂದು ಅದರ ಅರ್ಥ. ಕುಳಿತಲ್ಲಿಯೇ ಸಂಪಾದನೆ ಎಂದು ನೆರೆಹೊರೆಯವರು ಹೇಳಿದರು. ನಾವೂ ಹಾಗೆಯೇ ತಿಳಿದಿದ್ದೆವು. ಆಕೆಯ ಮನೆಯ ಜಗಲಿಯಲ್ಲಿ ಕುಳಿತು ಒಂದು ಸಂಜೆ ಮಾತನಾಡಿದ ಮೇಲೆ ನಮ್ಮ ತಿಳಿವಳಿಕೆ ಬದಲಾಯಿತು.

ನಲವತ್ತು ಸೆಕೆಂಡುಗಳ ವಿಡಿಯೋಗೆ ಎರಡು ದಿನಗಳ ದುಡಿಮೆ ಬೇಕಂತೆ. ಮೊದಮೊದಲು ಕಂಪನಿಗಳು ಹಣದ ಮಾತನ್ನೇ ಎತ್ತಲಿಲ್ಲ. ಮಸಾಲೆಯ ಪೊಟ್ಟಣವನ್ನೋ ಬಾಣಲೆಯನ್ನೋ ಕಳುಹಿಸಿ, ಅದೇ ಪ್ರತಿಫಲವೆಂದವು. ಹಣ ಬರತೊಡಗಿದ ಮೇಲೆ ಷರತ್ತುಗಳೂ ಬಂದವು. ವಿಡಿಯೋವನ್ನು ಅವರು ಒಪ್ಪುವವರೆಗೆ ತಿದ್ದಬೇಕು. ಮೂರು ತಿಂಗಳು ಅಂಥ ಬೇರೊಂದು ಸರಕಿನ ಹೆಸರೆತ್ತಬಾರದು. ಅವಳ ಮುಖವನ್ನೂ ದನಿಯನ್ನೂ ಕಂಪನಿಯು ತನ್ನ ಜಾಹೀರಾತಿನಲ್ಲಿ ಬೇಕಾದಷ್ಟು ಕಾಲ ಬಳಸಿಕೊಳ್ಳಬಹುದು. ಹಣ ಮಾತ್ರ ವಿಡಿಯೋ ಪ್ರಕಟವಾಗಿ ಅರವತ್ತು ದಿನಗಳ ನಂತರ. ಅದರಲ್ಲಿಯೂ ನಡುವಿನ ಏಜೆನ್ಸಿಯ ಪಾಲು ಮುರಿದು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಆಗ ಆಕೆಯ ತಂದೆಗೆ ನೆನಪಾಯಿತಂತೆ.

ಇವೆಲ್ಲ ವ್ಯವಹಾರದ ಕಷ್ಟಗಳು. ಆಕೆಯನ್ನು ನಿಜವಾಗಿ ನೋಯಿಸಿದ್ದು ಬೇರೆ. ಒಂದು ಕಂಪನಿ ತಲೆಗೆ ಹಚ್ಚುವ ಎಣ್ಣೆ ಕಳುಹಿಸಿತು. ಆಡಬೇಕಾದ ಮಾತುಗಳನ್ನೂ ಬರೆದು ಕೊಟ್ಟಿತು. ‘ಮೂರು ತಿಂಗಳಿಂದ ಬಳಸುತ್ತಿದ್ದೇನೆ’ ಎಂಬುದು ಅದರ ಮೊದಲ ವಾಕ್ಯ. ಶೀಸೆ ಮನೆಗೆ ಬಂದು ಒಂದು ವಾರವೂ ಆಗಿರಲಿಲ್ಲ. ಅವಳು ಹಾಗೆಯೇ ಹೇಳಿದಳು. ನೆರೆಮನೆಯ ಚಿಕ್ಕಮ್ಮ ಅದನ್ನು ತರಿಸಿ ಹಚ್ಚಿದರು; ತಲೆಯಲ್ಲಿ ತುರಿಕೆ, ಗುಳ್ಳೆ. ಅವರು ಜಗಳಕ್ಕೆ ಬರಲಿಲ್ಲ. ‘ನೀನು ಹೇಳಿದೆಯಲ್ಲ ಮಗಳೇ, ಅದಕ್ಕೇ ತರಿಸಿದೆ’ ಎಂದಷ್ಟೇ ಅಂದರು. ಅಂದು ರಾತ್ರಿ ಆಕೆ ಆ ವಿಡಿಯೋ ತೆಗೆದುಹಾಕಿದಳು. ಆರು ತಿಂಗಳು ಉಳಿಸಬೇಕೆಂಬ ಕರಾರಿತ್ತು. ಬರಬೇಕಾದ ಹಣ ಹೋಯಿತು. ಹೋಗಲಿ, ಚಿಕ್ಕಮ್ಮನ ಮುಂದೆ ತಲೆಯೆತ್ತಿ ನಡೆಯುವಂತಾಯಿತಲ್ಲ ಎಂದು ತಾಯಿ ಸಮಾಧಾನ ಹೇಳಿದರು.

ಈ ವಿಷಯದಲ್ಲಿ ದೇಶದ ಕಾನೂನು ಮೌನವಾಗಿಲ್ಲ. ಜಾಹೀರಾತು ಗುಣಮಟ್ಟ ಮಂಡಳಿಯು 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಇವರಿಗಾಗಿಯೇ ಮಾರ್ಗಸೂಚಿಗಳನ್ನು ಹೊರಡಿಸಿದವು. ಹಣ ಪಡೆದಿದ್ದರೂ, ಸರಕನ್ನು ಉಚಿತವಾಗಿ ಪಡೆದಿದ್ದರೂ ಅದನ್ನು ಎದ್ದು ಕಾಣುವಂತೆ ತಿಳಿಸಬೇಕು. ವಿಡಿಯೋದ ಕೆಳಗಿನ ಬರಹದಲ್ಲಿ ಅಡಗಿಸಿದರೆ ಸಾಲದು. ವಿಡಿಯೋದೊಳಗೇ ತೋರಿಸಬೇಕು, ಬಾಯಲ್ಲಿಯೂ ಹೇಳಬೇಕು. ತಾನು ಬಳಸಿ ನೋಡಿದ ವಸ್ತುವನ್ನೇ ಹೊಗಳುವುದು ಉಚಿತವೆಂದು ಇಲಾಖೆ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಬರೆದುಕೊಟ್ಟದ್ದನ್ನು ಓದಿದೆ ಎಂಬ ನೆಪ ನಡೆಯದು. ಹೇಳಿದ್ದು ನಿಜವೇ ಎಂದು ತಕ್ಕಮಟ್ಟಿಗೆ ಪರಿಶೀಲಿಸಿದವರಿಗೆ ಮಾತ್ರ ರಕ್ಷಣೆಯುಂಟು.

ಉಡುಗೊರೆಯೂ ಲೆಕ್ಕದ ಹೊರಗಿಲ್ಲ. ವೃತ್ತಿಯ ನಿಮಿತ್ತ ಬಂದ ವಸ್ತುಗಳ ಮೌಲ್ಯ ವರ್ಷಕ್ಕೆ 20,000 ರೂಪಾಯಿಗಳನ್ನು ದಾಟಿದರೆ ಕೊಡುವವರು ನೂರಕ್ಕೆ ಹತ್ತರಂತೆ ತೆರಿಗೆ ಮುರಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿತು. ವಿಡಿಯೋ ಮಾಡಿ ಫೋನನ್ನು ಹಿಂದಿರುಗಿಸಿದರೆ ಅದಿಲ್ಲ, ಇಟ್ಟುಕೊಂಡರೆ ಉಂಟು.

ಇನ್ನೊಂದು ಮಾತು. 2020ರ ಜೂನ್ 29ರಂದು ಕೇಂದ್ರ ಸರಕಾರವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅದನ್ನೇ ನಂಬಿದ್ದವರು ಕೂಡಿಸಿದ ನೋಡುಗರೆಲ್ಲ ಕೈತಪ್ಪಿದರು. ಪರರ ಜಾಗದಲ್ಲಿ ಹಾಕಿದ ಅಂಗಡಿಯ ಗತಿಯೇ ಅದು. ಆದುದರಿಂದ ಓದನ್ನೋ ಕೈಯಲ್ಲಿರುವ ಕೆಲಸವನ್ನೋ ಅವಸರದಲ್ಲಿ ಬಿಡುವುದು ಬೇಡವೆಂದು ಮಕ್ಕಳಿಗೆ ಹೇಳೋಣ.

ಹಾಗೆಂದು ಅವರನ್ನು ತಡೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಗಡಿಯಾಚೆಗೆ ಉಳಿದ ನಮ್ಮ ನುಡಿಯನ್ನೂ ಅಡುಗೆಯನ್ನೂ ಲೋಕಕ್ಕೆ ಮುಟ್ಟಿಸುತ್ತಿರುವ ಮಕ್ಕಳಿವರು. ಕರಾರಿಗೆ ಒಪ್ಪುವ ಮುನ್ನ ಹಿರಿಯರು ಜೊತೆಗೆ ಕುಳಿತು ಓದಲಿ. ಎಷ್ಟು ಹಣ, ಯಾವ ದಿನ, ಎಷ್ಟು ಬಾರಿ ತಿದ್ದುಪಡಿ, ಎಷ್ಟು ಕಾಲ ಬಳಕೆ ಎಂಬ ನಾಲ್ಕು ಸಂಗತಿಗಳು ಬರವಣಿಗೆಯಲ್ಲಿರಲಿ.

ಆ ಹುಡುಗಿ ಈಗಲೂ ಕಂಪನಿಗಳ ಕೆಲಸ ಒಪ್ಪುತ್ತಾಳೆ, ಮೊದಲಿಗಿಂತ ಕಡಿಮೆ. ವಿಡಿಯೋದ ಮೊದಲಿಗೇ ‘ಇದು ಜಾಹೀರಾತು, ಇದಕ್ಕೆ ಹಣ ಪಡೆದಿದ್ದೇನೆ’ ಎಂದು ಕನ್ನಡದಲ್ಲಿ ಹೇಳುತ್ತಾಳೆ. ನೆರೆಮನೆಯ ಚಿಕ್ಕಮ್ಮ ಈಗಲೂ ನೋಡುತ್ತಾರೆ. ಕೊಳ್ಳುವ ಮೊದಲು ಬೇಲಿಯ ಬಳಿಗೆ ಬಂದು, ‘ನೀನು ಹಚ್ಚಿ ನೋಡಿದ್ದೀಯಾ?’ ಎಂದು ಕೇಳುತ್ತಾರಂತೆ.