ಅಂಗಳ ಒಂದು, ಪಂಕ್ತಿ ಎರಡು

ಬೇಸಿಗೆ ರಜೆ ಮುಗಿದು ಶಾಲೆಗಳು ಪುನರಾರಂಭವಾಗುವ ದಿನಗಳಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಬೀದಿಗಳಿಗೆ ಬೆಳಗಿನ ಹೊತ್ತು ಹೊಸದೊಂದು ಕಳೆ ಬರುತ್ತದೆ. ಇಸ್ತ್ರಿಯ ಗೆರೆ ಮಾಸದ ಸಮವಸ್ತ್ರ, ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕ, ಆಟೋರಿಕ್ಷಾದಲ್ಲಿ ಒತ್ತೊತ್ತಾಗಿ ಕುಳಿತ ಪುಟಾಣಿಗಳು, ಗೇಟಿನ ಬಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಂದಿರು. ನಮ್ಮ ಕಥೋಲಿಕ ಪ್ರಾಥಮಿಕ ಶಾಲೆಗಳಿಗೆ ಮಕ್ಕಳನ್ನು ಸೇರಿಸಲು ಬರುವ ಪೋಷಕರನ್ನು, ಅವರು ಕ್ರೈಸ್ತರಾಗಿರಲಿ ಅಲ್ಲದಿರಲಿ, "ಈ ಶಾಲೆಯೇ ಏಕೆ?" ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ದೊರೆಯುತ್ತವೆ: ಶಿಸ್ತು, ಇಂಗ್ಲಿಷು, ಮೌಲ್ಯ. ಮೊದಲೆರಡನ್ನು ಅಳೆಯುವ ಕೋಲು ಎಲ್ಲರ ಬಳಿಯೂ ಇದೆ. ಮೂರನೆಯದನ್ನು ಅಳೆಯುವುದು ಹೇಗೆ ಎಂಬುದನ್ನು ಈ ವಾರ ಓದುಗರೊಡನೆ ಚಿಂತಿಸಬಯಸುತ್ತೇವೆ.

ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಮೌಲ್ಯಶಿಕ್ಷಣಕ್ಕೆಂದು ಪ್ರತ್ಯೇಕ ಅವಧಿ ಇರುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಒಂದು ಕೋಣೆಗೆ ಹೋದರೆ ಉಳಿದವರು ನೀತಿಪಾಠಕ್ಕೆ ಇನ್ನೊಂದು ಕೋಣೆಯಲ್ಲಿ ಕೂರುತ್ತಾರೆ. ಇದು ಅಗತ್ಯವೇ ಸರಿ. ಆದರೆ ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಾವು ಮೊದಮೊದಲು ಕಲಿತ ಪಾಠಗಳಲ್ಲಿ ಅರಿಸ್ಟಾಟಲನದೂ ಒಂದು. ಮನೆ ಕಟ್ಟುತ್ತಲೇ ಒಬ್ಬನು ಗಾರೆಯವನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ. ಸದ್ಗುಣವು ಅಭ್ಯಾಸದಿಂದ ಬರುವಂಥದು ಎಂದು ಆತ ಬೋಧಿಸಿದ. ಸಂತ ಥಾಮಸ್ ಅಕ್ವಿನಾಸರೂ ಈ ವಿಚಾರವನ್ನು ಒಪ್ಪಿ ಬೆಳೆಸಿದರು. ಹಾಗಾದರೆ ವಾರಕ್ಕೆ ನಲವತ್ತು ನಿಮಿಷ ಹೇಳಿದ ಪಾಠಕ್ಕಿಂತ, ದಿನವೂ ಆರು ಗಂಟೆ ಮಗು ಎಲ್ಲಿ ಕೂರುತ್ತದೆ, ಯಾರೊಡನೆ ಆಡುತ್ತದೆ, ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದೇ ದೊಡ್ಡ ಪಾಠವಾಯಿತಲ್ಲವೇ?

ಬೆಂಗಳೂರಿನ ಹಳೆಯ ಬಡಾವಣೆಗಳನ್ನು ಬಲ್ಲವರಿಗೆ ಈಗ ನಾವು ಹೇಳುವುದು ಹೊಸದೇನಲ್ಲ. ಎಷ್ಟೋ ಕಡೆ ನಮ್ಮ ಒಂದೇ ಕಾಂಪೌಂಡಿನೊಳಗೆ ಎರಡು ಶಾಲೆಗಳಿವೆ. ಒಂದು ಸರ್ಕಾರದ ಅನುದಾನ ಪಡೆಯುವ ಕನ್ನಡ ಮಾಧ್ಯಮದ ಶಾಲೆ. ಇನ್ನೊಂದು ಶುಲ್ಕದಿಂದ ನಡೆಯುವ ಇಂಗ್ಲಿಷ್ ಮಾಧ್ಯಮದ ಶಾಲೆ. ಆಡಳಿತ ಒಂದೇ, ಗೋಡೆಯ ಮೇಲಿನ ಶಿಲುಬೆ ಒಂದೇ, ಹೆಸರು ಹೊತ್ತ ಸಂತರೂ ಒಬ್ಬರೇ. ಆದರೆ ಸಮವಸ್ತ್ರ ಬೇರೆ, ಪ್ರಾರ್ಥನೆಯ ಹೊತ್ತು ಬೇರೆ, ವಾರ್ಷಿಕೋತ್ಸವ ಬೇರೆ. ಮಧ್ಯಾಹ್ನವಾದಾಗ ಒಂದು ಶಾಲೆಯ ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕುಳಿತು ಬಿಸಿಯೂಟದ ಅನ್ನ ಸಾಂಬಾರು ಉಣ್ಣುತ್ತಾರೆ. ಇನ್ನೊಂದು ಶಾಲೆಯ ಮಕ್ಕಳು ಮೇಜಿನ ಮುಂದೆ ಡಬ್ಬಿ ಬಿಚ್ಚುತ್ತಾರೆ. ಕನ್ನಡ ಶಾಲೆಯ ಮಕ್ಕಳ ಸಂಖ್ಯೆ ವರ್ಷ ವರ್ಷವೂ ಇಳಿಯುತ್ತಿದೆ. ನಿವೃತ್ತರಾದ ಶಿಕ್ಷಕಿಯ ಸ್ಥಾನ ವರ್ಷಗಟ್ಟಲೆ ಖಾಲಿ ಉಳಿಯುತ್ತದೆ. ಅಲ್ಲಿ ಉಳಿದಿರುವವರು ಹೆಚ್ಚಾಗಿ ಮನೆಗೆಲಸದವರ, ಕಟ್ಟಡ ಕಾರ್ಮಿಕರ, ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಮಕ್ಕಳು.

ಹಲವು ವರ್ಷಗಳ ಹಿಂದೆ ಇಂಥದೇ ಒಂದು ಶಾಲೆಯ ಜವಾಬ್ದಾರಿ ನಮ್ಮ ಮೇಲಿತ್ತು. ಒಂದು ಮಧ್ಯಾಹ್ನ ಜಗಲಿಯಲ್ಲಿ ನಡೆದು ಹೋಗುತ್ತಿದ್ದಾಗ ಇಂಗ್ಲಿಷ್ ಶಾಲೆಯ ಎರಡನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಡಬ್ಬಿ ಹಿಡಿದುಕೊಂಡು ಬಂದು ಬಿಸಿಯೂಟದ ಸಾಲಿನಲ್ಲಿ ಕುಳಿತದ್ದನ್ನು ಕಂಡೆವು. ಪಕ್ಕದ ಹುಡುಗಿಯ ತಟ್ಟೆಗೆ ಅರ್ಧ ಚಪಾತಿ ಹಾಕಿ, ಅವಳ ತಟ್ಟೆಯಿಂದ ಒಂದು ತುತ್ತು ಅನ್ನ ತೆಗೆದುಕೊಂಡಿದ್ದಳು. ಅಷ್ಟರಲ್ಲಿ ಶಿಕ್ಷಕಿಯೊಬ್ಬರು ಬಂದು, "ಏಳಮ್ಮ, ಅದು ಆ ಸ್ಕೂಲಿನ ಮಕ್ಕಳ ಜಾಗ" ಎಂದು ಕೈ ಹಿಡಿದು ಎಬ್ಬಿಸಿದರು. ಮಗು ನಮ್ಮತ್ತ ನೋಡಿ, "ಫಾದರ್, ಇವಳು ನಮ್ಮ ವಠಾರದವಳೇ" ಎಂದಿತು. ನ್ಯಾಯ ಕೇಳಿದಂತಿತ್ತು ಆ ದನಿ. ನಾವು ಮುಗುಳ್ನಕ್ಕು ಮುಂದೆ ನಡೆದೆವು. ಶಿಸ್ತಿನ ವಿಷಯದಲ್ಲಿ ಶಿಕ್ಷಕಿಯ ಮಾತಿಗೆ ಎದುರಾಡಬಾರದು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆ ಶಿಕ್ಷಕಿಯನ್ನು ದೂರಲಾರೆವು. ನಾವೇ ಮಾಡಿಟ್ಟ ನಿಯಮವನ್ನು ಅವರು ಪಾಲಿಸಿದರು. ಅಂದು ಬೆಳಿಗ್ಗೆ ಅದೇ ಮಕ್ಕಳಿಗೆ ನೆರೆಯವರನ್ನು ಪ್ರೀತಿಸಿರೆಂದು ಉಪದೇಶ ಮಾಡಿದವರು ನಾವೇ.

ನಮ್ಮ ನಾಡಿನಲ್ಲಿ ಇದಕ್ಕೊಂದು ಹಳೆಯ ಹೆಸರಿದೆ: ಪಂಕ್ತಿಭೇದ. ಬೇರೆಯವರ ಗುಡಿ, ಮಠಗಳಲ್ಲಿ ನಡೆದಾಗ ಅದನ್ನು ಖಂಡಿಸಲು ನಾವು ಹಿಂಜರಿಯುವುದಿಲ್ಲ. 2002ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾಗಿ ಬಳಿಕ ರಾಜ್ಯವನ್ನೆಲ್ಲ ವ್ಯಾಪಿಸಿದ ಬಿಸಿಯೂಟದ ಯೋಜನೆಗೆ ಸರ್ಕಾರ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಹನ್ನೆರಡನೆಯ ಶತಮಾನದ ಶರಣರಿಂದ ನಾಡಿಗೆ ಬಂದ ಆ ಪದದಲ್ಲಿ ಉಣಬಡಿಸುವವನು ಮೇಲೆ, ಉಣ್ಣುವವನು ಕೆಳಗೆ ಎಂಬ ಭಾವಕ್ಕೆ ಎಡೆಯಿಲ್ಲ. ನಮಗಂತೂ ದೇವರ ವಾಕ್ಯವೇ ಇದೆ. ಕೊರಿಂಥದ ಕ್ರೈಸ್ತರಲ್ಲಿ ಉಳ್ಳವರು ತಮ್ಮ ಊಟ ತಾವು ಮುಗಿಸಿ, ಇಲ್ಲದವರು ಹಸಿದಿರುತ್ತಿದ್ದ ಸುದ್ದಿ ಕೇಳಿದ ಸಂತ ಪೌಲರು ಅವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಎಷ್ಟು ಕಠಿಣವಾಗಿ ಗದರಿಸಿದ್ದಾರೆಂಬುದನ್ನು ಓದುಗರು ಮನೆಯಲ್ಲಿ ತೆರೆದು ನೋಡಬೇಕು. ಪ್ರಭುವಿನ ಭೋಜನದ ಅತ್ಯಂತ ಪುರಾತನ ವೃತ್ತಾಂತ ನಮಗೆ ದೊರೆತಿರುವುದು ಈ ಗದರಿಕೆಯ ನಡುವೆಯೇ.

ಕಾನೂನು ಏನನ್ನುತ್ತದೆ ಎಂಬುದನ್ನೂ ತಿಳಿದಿರುವುದು ಒಳಿತು. 1994ರ ಏಪ್ರಿಲ್ 29ರ ಕರ್ನಾಟಕ ಸರ್ಕಾರದ ಆದೇಶ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಬೋಧನಾ ಮಾಧ್ಯಮವಾಗಿರಬೇಕೆಂದಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ, ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದೇ ದಿನ ಎರಡು ತೀರ್ಪುಗಳನ್ನು ನೀಡಿತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರಲಾಗದು ಎಂದಿತು ಒಂದು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದು ಎಂದಿತು ಇನ್ನೊಂದು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಈ ಎರಡನೆಯ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕನ್ನು ನಾವು ಹಗುರವಾಗಿ ಕಾಣುವುದಿಲ್ಲ, ಅದನ್ನು ಕಾಪಾಡಿಕೊಳ್ಳಲೇಬೇಕು. ಆದರೆ ನ್ಯಾಯಾಲಯವು ನಮ್ಮನ್ನು ಕಾಯಿದೆಯಿಂದ ಬಿಡುಗಡೆ ಮಾಡೀತು, ಶುಭಸಂದೇಶದಿಂದ ಬಿಡುಗಡೆ ಮಾಡಲಾರದು. ಯಾರೂ ಬಲವಂತ ಮಾಡದಿರುವಾಗ ನಾವು ಯಾರಿಗೆ ಬಾಗಿಲು ತೆರೆಯುತ್ತೇವೆ ಎಂಬುದರಿಂದಲೇ ನಮ್ಮ ಮನಸ್ಸು ತಿಳಿಯುತ್ತದೆ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ, ಮಕ್ಕಳ ಮೊದಲ ಗುರುಗಳು ತಂದೆತಾಯಿಗಳೇ ಎಂದು ಸಾರಿತು. ಅದೇ ಘೋಷಣೆ, ಬಡವರು, ಕುಟುಂಬದ ಆಸರೆಯಿಲ್ಲದವರು, ನಮ್ಮ ವಿಶ್ವಾಸಕ್ಕೆ ಹೊರಗಿನವರು, ಇವರ ಬಗ್ಗೆ ಕಥೋಲಿಕ ಶಾಲೆ ವಿಶೇಷ ಕಾಳಜಿ ವಹಿಸಬೇಕೆಂದೂ ಕೇಳಿಕೊಂಡಿತು. ಅದಕ್ಕೂ ಎರಡು ವರ್ಷ ಮೊದಲು, 1963ರ ಡಿಸೆಂಬರಿನಲ್ಲಿ, ಆ ಮಹಾಸಭೆಯೇ ಜನರ ಭಾಷೆಗಳಿಗೆ ಬಲಿಪೂಜೆಯಲ್ಲಿ ಸ್ಥಾನ ಕೊಟ್ಟಿತು. ಬಲಿಪೀಠದ ಮುಂದೆ ಸಲ್ಲುವ ಕನ್ನಡವನ್ನು ಶಾಲೆಯ ಜಗಲಿಯಲ್ಲಿ ಆಡಿದ ಮಗುವಿಗೆ ದಂಡ ಹಾಕುವುದು ಯಾವ ನ್ಯಾಯ?

ಶಿಕ್ಷಕರ ಪಾಲಕ ಸಂತರೆಂದು 1950ರಲ್ಲಿ ಘೋಷಿತರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರ ಬಾಳು ಇಲ್ಲಿ ನೆನಪಿಗೆ ಬರುತ್ತದೆ. ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆತನದ ಈ ಗುರು, ಬಡವರ ಶಾಲೆಯ ಉಪಾಧ್ಯಾಯರನ್ನು ಮೊದಲು ತಮ್ಮ ಮನೆಯ ಊಟಕ್ಕೆ ಕರೆದರು. 1681ರಲ್ಲಿ ಮನೆಯಲ್ಲೇ ಇರಿಸಿಕೊಂಡರು. ಅಂಥವರೊಡನೆ ಒಂದೇ ಮೇಜಿನಲ್ಲಿ ಕೂರುವುದೇ ಎಂದು ಬಂಧುಗಳು ಸಿಡಿದೆದ್ದರು. ಅವರು ಜಗ್ಗಲಿಲ್ಲ. ಓದು ಬರಹವನ್ನು ಲ್ಯಾಟಿನ್ನಿನ ಬದಲು ಮಕ್ಕಳ ಮಾತಾದ ಫ್ರೆಂಚಿನಲ್ಲಿ ಮೊದಲು ಕಲಿಸಿದರು. ಹಣವುಳ್ಳವರ ಮಕ್ಕಳನ್ನೂ ಇಲ್ಲದವರ ಮಕ್ಕಳನ್ನೂ ಉಚಿತವಾಗಿ ಒಟ್ಟಿಗೆ ಕೂರಿಸಿದರು. ಹಣ ಕೊಡಬಲ್ಲವರಿಗೂ ಉಚಿತವಾಗಿ ಕಲಿಸಿದರೆಂದು ಪ್ಯಾರಿಸಿನ ಬರವಣಿಗೆಯ ಉಪಾಧ್ಯಾಯರು ಅವರನ್ನು ನ್ಯಾಯಾಲಯಕ್ಕೂ ಎಳೆದರು. ನಮ್ಮ ಶಾಲೆಗಳ ವಂಶವೃಕ್ಷದ ಬೇರು ಇಂಥ ಕಡೆ ಇದೆ.

ಆಕ್ಷೇಪಗಳು ನಮಗೆ ಗೊತ್ತಿಲ್ಲದಿಲ್ಲ. ಅನುದಾನವಿಲ್ಲದ ಶಾಲೆಯ ಶಿಕ್ಷಕರಿಗೆ ಸಂಬಳ ಬರುವುದು ಶುಲ್ಕದಿಂದಲೇ. ಆ ಸಂಬಳವೂ ಹಲವೆಡೆ ಸಾಲದು. ಶುಲ್ಕಕ್ಕಾಗಿ ತಂದೆತಾಯಿಗಳು ತಮ್ಮ ಊಟ ಬಟ್ಟೆಯಲ್ಲಿ ಉಳಿಸಿರುತ್ತಾರೆ. ಕನ್ನಡ ಶಾಲೆಯ ಪೋಷಕರೇ ತಮ್ಮ ಮಗುವಿಗೆ ಇಂಗ್ಲಿಷ್ ಬರಲಿ ಎಂದು ಹಂಬಲಿಸುತ್ತಾರೆ, ಅದು ತಪ್ಪಲ್ಲ. ಎರಡು ಶಾಲೆಗಳನ್ನು ನಾಳೆಯೇ ಒಂದು ಮಾಡಲಾಗದು. ಆದರೆ ಎರಡು ಮಾಧ್ಯಮಗಳಿರುವುದು ಬೇರೆ, ಎರಡು ಪಂಕ್ತಿಗಳಿರುವುದು ಬೇರೆ. ಮೊದಲನೆಯದು ಸದ್ಯದ ಅನಿವಾರ್ಯತೆ. ಎರಡನೆಯದು ನಾವು ಮಾಡಿಕೊಂಡದ್ದು.

ಬೆಳಗಿನ ಪ್ರಾರ್ಥನೆಗೆ ಎರಡೂ ಶಾಲೆಯ ಮಕ್ಕಳು ಒಂದೇ ಅಂಗಳದಲ್ಲಿ ನಿಲ್ಲಲು ಸರ್ಕಾರದ ಅಪ್ಪಣೆ ಬೇಕಿಲ್ಲ. ಬಿಸಿಯೂಟದವರು ತಟ್ಟೆಯೊಡನೆ, ಡಬ್ಬಿಯವರು ಡಬ್ಬಿಯೊಡನೆ ಒಂದೇ ಸಾಲಿನಲ್ಲಿ ಕೂರಲು ಹಣ ಬೇಕಿಲ್ಲ. ಆಟೋಟದ ತಂಡಗಳಲ್ಲಿ ಇಬ್ಬರನ್ನೂ ಬೆರೆಸಬಹುದು. ಇಂಗ್ಲಿಷ್ ಶಾಲೆಯ ಶಿಕ್ಷಕಿ ವಾರಕ್ಕೆರಡು ಗಂಟೆ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಲಿಸಬಹುದು. ಶುಲ್ಕ ಕಟ್ಟದ ಮಗುವಿನ ಹೆಸರನ್ನು ತರಗತಿಯಲ್ಲಿ ಓದುವ ಬದಲು ತಂದೆತಾಯಿಯನ್ನು ಕರೆಸಿ ಮಾತಾಡಬಹುದು. ಕಾಯಿದೆ ಕೇಳಲಿ ಬಿಡಲಿ, ಪ್ರತಿ ವರ್ಷ ಒಂದನೆಯ ತರಗತಿಯಲ್ಲಿ ಕೆಲವು ಸ್ಥಾನಗಳನ್ನು ನೆರೆಯ ಬಡ ಮಕ್ಕಳಿಗೆ ತೆಗೆದಿಟ್ಟು, ಅದರ ಖರ್ಚನ್ನು ಧರ್ಮಕೇಂದ್ರದ ಕುಟುಂಬಗಳು ತಪಸ್ಸುಕಾಲದ ಉಳಿತಾಯದಿಂದ ಹಂಚಿಕೊಳ್ಳಬಹುದು.

ಮನೆಯ ಪಾಲೂ ಇದೆ. ಹುಟ್ಟುಹಬ್ಬದಂದು ತರಗತಿಗೆ ಹಂಚುವ ದುಬಾರಿ ಚಾಕಲೇಟು, ತಂದುಕೊಡಲಾಗದ ಮಗುವಿಗೆ ತನ್ನ ಹುಟ್ಟಿದ ದಿನವನ್ನೇ ಮುಚ್ಚಿಡುವುದನ್ನು ಕಲಿಸುತ್ತದೆ. ಶಾಲೆಯ ಆಯಾಳನ್ನು ನಮ್ಮ ಮಕ್ಕಳು ಏಕವಚನದಲ್ಲಿ ಕೂಗಿದರೆ, ಆ ಪಾಠ ಎಲ್ಲಿಂದ ಬಂತೆಂದು ನಾವೇ ಕೇಳಿಕೊಳ್ಳಬೇಕು. 'ಅಮ್ಮ', 'ಅಕ್ಕ' ಎಂಬ ಮಾತುಗಳು ನಮ್ಮ ಭಾಷೆಯಲ್ಲಿ ಬೇಕಾದಷ್ಟಿವೆ.

ಪ್ರಿಯ ಪೋಷಕರೇ, ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡಿದ ಬಳಿಕ ಇನ್ನೊಂದು ಪ್ರಶ್ನೆ ಕೇಳಿ: ಮಧ್ಯಾಹ್ನ ನಮ್ಮ ಮಗು ಯಾರ ಪಕ್ಕದಲ್ಲಿ ಕುಳಿತು ಊಟ ಮಾಡುತ್ತದೆ? ವಠಾರದ ಗೆಳತಿಯ ತಟ್ಟೆಗೆ ಅರ್ಧ ಚಪಾತಿ ಹಾಕಿದ ಆ ಮಗುವಿಗೆ ಅಂದು ನಾವು ಉತ್ತರ ಕೊಡಲಿಲ್ಲ. ತಡವಾಗಿಯಾದರೂ ಕೊಡುತ್ತಿದ್ದೇವೆ: ನೀನು ಕುಳಿತ ಜಾಗ ಸರಿಯಾಗಿತ್ತು, ಮಗೂ, ಏಳಬೇಕಾದವಳು ನೀನಾಗಿರಲಿಲ್ಲ.