ಹೆಸರು ಸಿಗದ ಹನ್ನೆರಡು ಮಂದಿಯ ಬಳಿ

ಮೇ ತಿಂಗಳು ಬಂತೆಂದರೆ ನಮ್ಮ ರೂಮುಗಳಲ್ಲಿ ಊರಿನದೇ ಮಾತು. ಅಲ್ಲಿ ಮಕ್ಕಳಿಗೆ ಶಾಲೆ ರಜೆ, ಮನೆಮನೆಯಲ್ಲೂ ಮದುವೆ. 2010ರ ಮೇ 21ರ ರಾತ್ರಿ ದುಬೈ ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ತೂಗಿಸಿ ಸಾಲು ನಿಂತವರೂ ನಮ್ಮ ಹಾಗೆಯೇ ಹೊರಟವರು. ಮರುದಿನ ಬೆಳಗ್ಗೆ ಆರು ಗಂಟೆ ದಾಟಿದಾಗ ವಿಮಾನ ಬಜ್ಪೆಯ ರನ್‌ವೇ ಮೀರಿ ಕೆಂಜಾರಿನ ಕಮರಿಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ ಉಳಿದದ್ದು 8 ಮಂದಿ ಮಾತ್ರ.

ಇಂಥ ದುರಂತಕ್ಕೆ ಸ್ಮಾರಕ ಎಲ್ಲಿರಬೇಕು, ಹೇಗಿರಬೇಕು? ನಮ್ಮ ಬೈಠಕ್‌ಗಳಲ್ಲಿ ಈ ಚರ್ಚೆ ಆಗಾಗ ಬರುತ್ತದೆ. ವಿಮಾನ ಬಿದ್ದಲ್ಲೇ ಇರಬೇಕು ಎನ್ನುವವರಿದ್ದಾರೆ. ಕೆಂಜಾರಿನಲ್ಲಿ ನಿಲ್ಲಿಸಿದ್ದ ಸ್ಮಾರಕವನ್ನು ಅದೇ ವರ್ಷ ಯಾರೋ ಒಡೆದುಹಾಕಿದರು. ನೋಡಿಕೊಳ್ಳುವವರಿಲ್ಲದ ಕಲ್ಲಿಗೆ ಆಯುಸ್ಸು ಕಡಿಮೆ.

ಡಿಎನ್‌ಎ ಪರೀಕ್ಷೆಯ ನಂತರವೂ 12 ದೇಹಗಳ ಗುರುತು ಸಿಗಲಿಲ್ಲ. ಅವರನ್ನು ಕೂಳೂರು–ತಣ್ಣೀರುಬಾವಿಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ ಒಟ್ಟಿಗೆ ದಫನ ಮಾಡಲಾಯಿತು. ಈಗ ಸ್ಮಾರಕ ಪಾರ್ಕ್ ಇರುವುದು ಅಲ್ಲಿಯೇ. ನಮ್ಮ ಅಭಿಪ್ರಾಯದಲ್ಲಿ ಇದೇ ಸರಿಯಾದ ಜಾಗ. ದೇಹ ಸಿಗದ ಮನೆಯವರಿಗೆ ಕಬರ್ ಎಂದು ನಿಲ್ಲಲು ಬೇರೆ ನೆಲವಿಲ್ಲ. ಅಲ್ಲಿ ಮಲಗಿರುವವರು ಯಾರ ಮಕ್ಕಳು, ಯಾವ ಧರ್ಮದವರು ಎಂದು ಹೇಳಲಾಗದು. ಹಾಗಾಗಿ ಆ ನೆಲ ಎಲ್ಲರದ್ದು.

ವಿನ್ಯಾಸವೂ ಇದಕ್ಕೆ ತಕ್ಕಂತಿರಬೇಕು. ನಮ್ಮಲ್ಲಿ ಕಬರಿನ ಬಳಿ ನಿಂತು ದುಆ ಮಾಡುವುದು ಕ್ರಮ. ಇನ್ನೊಬ್ಬರು ಹೂವಿಡುತ್ತಾರೆ, ಮತ್ತೊಬ್ಬರು ಮೇಣದಬತ್ತಿ ಹಚ್ಚುತ್ತಾರೆ. ಪ್ರತಿಮೆ, ಗೋಪುರ, ಕಮಾನು ಯಾವುದೂ ಬೇಡ. ನೆರಳು, ಕುಳಿತುಕೊಳ್ಳಲು ಜಾಗ, ವಯಸ್ಸಾದ ಉಮ್ಮನಿಗೂ ನಡೆಯಲಾಗುವ ದಾರಿ, ಓದಲು ಬರುವಂತೆ 158 ಹೆಸರು. ಸತ್ತವರಲ್ಲಿ ಕಾಸರಗೋಡಿನವರೂ ಬಹಳ ಮಂದಿ. ಆದ್ದರಿಂದ ಕನ್ನಡದ ಜೊತೆ ಮಲಯಾಳಂ ಲಿಪಿಯೂ ಇರಬೇಕು.

1985ರಲ್ಲಿ ಕೆನಡಾದಿಂದ ಹೊರಟ ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಬಾಂಬ್ ಸ್ಫೋಟಕ್ಕೆ ಸಿಕ್ಕಿ ಐರ್ಲೆಂಡ್ ಬಳಿ ಸಮುದ್ರಕ್ಕೆ ಬಿದ್ದು 329 ಮಂದಿ ತೀರಿಹೋದರು. ಒಂದೇ ವರ್ಷದಲ್ಲಿ ಅಲ್ಲಿನ ಅಹಾಕಿಸ್ತಾ ಎಂಬ ಸಣ್ಣ ಊರಿನ ಕಡಲದಂಡೆಯಲ್ಲಿ ಒಂದು ನೆರಳು ಗಡಿಯಾರ ಎದ್ದಿತು, ಜೊತೆಗೆ ಹೆಸರುಗಳನ್ನು ಕೆತ್ತಿದರು. ಪ್ರತಿ ಜೂನ್‌ನಲ್ಲಿ ಊರಿನವರು ಮನೆಯವರ ಜೊತೆ ಬಂದು ನಿಲ್ಲುತ್ತಾರೆ. 2020ರ ಕೋಝಿಕ್ಕೋಡ್ ವಿಮಾನ ದುರಂತದಲ್ಲಿ ಬದುಕಿದವರು, ಸತ್ತವರ ಮನೆಯವರು ಬೇರೆ ದಾರಿ ಹಿಡಿದರು. ತಮ್ಮನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದ ಊರಿಗೆ ಪರಿಹಾರದ ಹಣದಲ್ಲಿ ಪಾಲು ತೆಗೆದು ಆರೋಗ್ಯ ಕೇಂದ್ರದ ಕಟ್ಟಡ ಕಟ್ಟಿಕೊಡಲು 2022ರಲ್ಲಿ ನಿರ್ಧರಿಸಿದರು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಆಸ್ಪತ್ರೆ. ಎರಡರಲ್ಲೂ ನೋವುಂಡವರ ಮಾತಿಗೆ, ಆ ಊರಿನವರಿಗೆ ಜಾಗವಿತ್ತು.

ಲೆಕ್ಕ ಬರೆಯುವ ಕೆಲಸದಿಂದ ನಾವು ಕಲಿತದ್ದೊಂದಿದೆ. ಕಟ್ಟುವ ಖರ್ಚು ಒಂದೇ ಸಲ, ನೋಡಿಕೊಳ್ಳುವ ಖರ್ಚು ಪ್ರತಿವರ್ಷ. ಉದ್ಘಾಟನೆಗೆ ದುಡ್ಡು ಕೊಡಲು ಜನ ಸಿಗುತ್ತಾರೆ, ಹುಲ್ಲು ಕತ್ತರಿಸಲು, ಗೇಟಿಗೆ ಬಣ್ಣ ಬಳಿಯಲು ಸಿಗುವುದಿಲ್ಲ. ಯಾವ ಸ್ಮಾರಕಕ್ಕೂ ಮೊದಲ ದಿನವೇ ನಿರ್ವಹಣೆಯ ಹಣವನ್ನು ಬೇರೆಯೇ ತೆಗೆದಿಡಬೇಕು. ಅದರ ಲೆಕ್ಕ ಮನೆಯವರಿಗೂ ಸಿಗಬೇಕು. ಈ ಮಾತನ್ನು ಜಿಲ್ಲಾಡಳಿತಕ್ಕೆ ಹೇಳುವಷ್ಟೇ ಗಟ್ಟಿಯಾಗಿ ನಮ್ಮ ಸಂಘಕ್ಕೂ ಹೇಳಿಕೊಳ್ಳುತ್ತಿದ್ದೇವೆ.

ಓದುಗರಲ್ಲಿ ಒಂದು ವಿನಂತಿ. ಈ ಸಲ ಊರಿಗೆ ಹೋದಾಗ ಮಾಲ್, ಬೀಚ್ ಸುತ್ತುವ ನಡುವೆ ಅರ್ಧ ಗಂಟೆ ತಣ್ಣೀರುಬಾವಿಯ ಆ ದಡಕ್ಕೂ ಮೀಸಲಿಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಅಪ್ಪ ಹತ್ತುವ ವಿಮಾನದಂಥದ್ದೇ ವಿಮಾನದಲ್ಲಿ ಬಂದವರು ಇವರು ಎಂದು ಹೇಳಿ. ಜನ ಬಂದು ಹೋಗುವ ಸ್ಮಾರಕವನ್ನು ಯಾರೂ ಸುಲಭಕ್ಕೆ ಮರೆಯಲಾರರು, ಒಡೆಯಲಾರರು.

ಅಗಲಿದವರೆಲ್ಲರಿಗೂ ಶಾಂತಿ ಸಿಗಲಿ, ಕಾದು ಕುಳಿತ ಮನೆಯವರಿಗೆ ಸಹನೆ ಸಿಗಲಿ. ಆಮೀನ್.